ನೆಲದಡಿ ಮ್ಯುಯಾನ್ ಎಣಿಸುವುದು ಹೇಗೆ? ತಾರಸಿಯಿಂದ ಸುರಂಗದವರೆಗೆ ಸಮಗ್ರ ಮಾರ್ಗದರ್ಶಿ

1960ರ ದಶಕದ ಆರಂಭ. ಕೋಲಾರದ ಚಿನ್ನದ ಗಣಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿಜ್ಞಾನಿಗಳೂ ಜಪಾನಿನ ವಿಜ್ಞಾನಿ ಮಿಯಾಕೆ ಅವರೂ ಸೇರಿ ಚಾಂಪಿಯನ್ ರೀಫ್ ಗಣಿಯೊಳಗೆ ಒಂದೊಂದೇ ಮಟ್ಟಕ್ಕೆ ಡಿಟೆಕ್ಟರ್ ಇಳಿಸುತ್ತಾ, ಮೇಲಿನ ಗಾಳಿಯಲ್ಲಿ ಹುಟ್ಟಿ ಕಲ್ಲನ್ನೂ ತೂರಿ ಬರುವ ಮ್ಯುಯಾನ್ ಎಂಬ ಕಣಗಳನ್ನು ಎಣಿಸುತ್ತಿದ್ದರು. ಕೆಳಗೆ ಹೋದಷ್ಟೂ ಎಣಿಕೆ ಇಳಿಯಿತು. ಸುಮಾರು 2.7 ಕಿ.ಮೀ. ಆಳದ ಕೊನೆಯ ಜಾಗದಲ್ಲಿ ವಾರಗಟ್ಟಲೆ ಕಾದರೂ ಒಂದೇ ಒಂದು ಎಣಿಕೆ ಬರಲಿಲ್ಲ.

ಸೊನ್ನೆ ಅಂತ ಬರೆಯುವುದು ಸುಲಭ. ಆದರೆ ಡಿಟೆಕ್ಟರ್ ಕೆಟ್ಟು ಕೂತಿದ್ದರೂ ಸೊನ್ನೆಯೇ ಬರುತ್ತದೆ, ಅಲ್ವಾ? ನೆಲದಡಿ ಮ್ಯುಯಾನ್ ಅಳೆಯುವ ಕೆಲಸದ ಕಷ್ಟವೆಲ್ಲ ಇಲ್ಲೇ ಇದೆ. ಬಂದ ಎಣಿಕೆ ನಿಜವಾಗಿ ಮ್ಯುಯಾನೇ? ಬಾರದೆ ಇದ್ದದ್ದು ನಿಜವಾಗಿ ಇಲ್ಲವೇ? ಈ ಎರಡು ಪ್ರಶ್ನೆಗೆ ಉತ್ತರ ಕೊಡುವಂತೆ ಉಪಕರಣ ಕಟ್ಟುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಪದವಿ ಕಾಲೇಜಿನ ನಾಲ್ಕೈದು ಹುಡುಗರು, ಒಬ್ಬ ಮೇಷ್ಟ್ರು, ಒಂದು ವರ್ಷ. ಇಷ್ಟಿದ್ದರೆ ಮಾಡಬಹುದಾದ ಕೆಲಸ.

ಮೊದಲು, ಎಣಿಸುವುದು ಏನನ್ನು?

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಲ್ಲಿ ಹೆಚ್ಚಿನವು ಪ್ರೋಟಾನ್‌ಗಳು. ಅವು ನಮ್ಮ ತಲೆಯ ಮೇಲೆ ಹತ್ತಿಪ್ಪತ್ತು ಕಿ.ಮೀ. ಎತ್ತರದಲ್ಲಿ ಗಾಳಿಯ ಪರಮಾಣುಗಳಿಗೆ ಬಡಿದಾಗ ಪಯಾನ್ ಎಂಬ ಕಣಗಳು ಹುಟ್ಟುತ್ತವೆ. ಪಯಾನ್ ಬೇಗ ಒಡೆದು ಮ್ಯುಯಾನ್ ಆಗುತ್ತದೆ. ಮ್ಯುಯಾನ್ ಅಂದರೆ ಎಲೆಕ್ಟ್ರಾನಿನ ದೊಡ್ಡಣ್ಣ ಅಂದುಕೊಳ್ಳಿ. ತೂಕ 207 ಪಟ್ಟು, ಆಯಸ್ಸು ಮೈಕ್ರೋಸೆಕೆಂಡ್ ಲೆಕ್ಕದಲ್ಲಿ 2.2. ಅಷ್ಟರಲ್ಲಿ ಬೆಳಕು ಕೂಡ 660 ಮೀಟರ್ ಮಾತ್ರ ಹೋಗಬಲ್ಲದು. ಆದರೂ ಮ್ಯುಯಾನ್ ನೆಲ ಮುಟ್ಟುತ್ತದೆ. ಬೆಳಕಿನ ಹತ್ತಿರದ ವೇಗದಲ್ಲಿ ಓಡುವುದರ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ ಎಂಬ ಐನ್‌ಸ್ಟೈನ್ ಲೆಕ್ಕ ಇಲ್ಲಿ ಕೆಲಸ ಮಾಡುತ್ತದೆ.

ನೆನಪಿಡಬೇಕಾದ ಅಂಕಿ ಒಂದೇ: ನೆಲದ ಮೇಲೆ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯುಯಾನ್. ಅಂಗೈ ಚಾಚಿದರೆ ಸೆಕೆಂಡಿಗೆ ಒಂದೆರಡು ದಾಟುತ್ತವೆ. ಅವುಗಳ ಸರಾಸರಿ ಶಕ್ತಿ ಸುಮಾರು 4 ಜಿಇವಿ. (ಜಿಇವಿ ಅಂದರೆ ನೂರು ಕೋಟಿ ಎಲೆಕ್ಟ್ರಾನ್‌ವೋಲ್ಟ್, ಕಣಗಳ ಶಕ್ತಿ ಅಳೆಯುವ ಮಾನ.)

ಹಂತ 1: ಕೊಳ್ಳುವ ಮೊದಲು ಲೆಕ್ಕ

ಮ್ಯುಯಾನಿಗೆ ಎಷ್ಟು ಮೀಟರ್ ಆಳ ಅನ್ನುವುದಕ್ಕಿಂತ ಎಷ್ಟು ತೂಕದ ವಸ್ತು ಅಡ್ಡ ಇದೆ ಅನ್ನುವುದು ಮುಖ್ಯ. ಹಾಗಾಗಿ ಆಳವನ್ನು ಸಾಂದ್ರತೆಯಿಂದ ಗುಣಿಸಿ 'ನೀರಿನ ಮೀಟರ್' ಲೆಕ್ಕಕ್ಕೆ ತನ್ನಿ. ಕಾಂಕ್ರೀಟಿಗೆ 2.4, ಗ್ರಾನೈಟಿಗೆ 2.65 ಹಾಕಿಕೊಳ್ಳಿ. ಕೋಲಾರದ ಗಣಿಯ ಕಲ್ಲು ಇನ್ನೂ ಭಾರ, ಸುಮಾರು 3.

ಆರು ಅಂತಸ್ತಿನ ಕಟ್ಟಡದ ನೆಲಮಾಳಿಗೆಯಲ್ಲಿ ನಿಂತಿದ್ದೀರಿ ಅನ್ನಿ. ಮೇಲೆ ಆರು ಸ್ಲ್ಯಾಬು, ಒಂದೊಂದೂ 15 ಸೆಂ.ಮೀ. ಒಟ್ಟು 0.9 ಮೀಟರ್ ಕಾಂಕ್ರೀಟ್, ಅಂದರೆ ಸುಮಾರು ಎರಡು ಮೀಟರ್ ನೀರು. ಅದೇ 40 ಮೀಟರ್ ಗ್ರಾನೈಟ್ ಗುಡ್ಡದ ಕೆಳಗಿನ ಸುರಂಗವಾದರೆ 106 ಮೀಟರ್ ನೀರು. ಒಂದೊಂದು ಮೀಟರ್ ನೀರು ದಾಟಲು ಮ್ಯುಯಾನ್ ಸುಮಾರು 0.2 ಜಿಇವಿ ಕಳೆದುಕೊಳ್ಳುತ್ತದೆ. ನೆಲಮಾಳಿಗೆಯಲ್ಲಿ ಅದಕ್ಕೆ ಅರ್ಧ ಜಿಇವಿ ಕೂಡ ಖರ್ಚಾಗುವುದಿಲ್ಲ. ಗುಡ್ಡ ದಾಟಲು ಮಾತ್ರ 20 ಜಿಇವಿಗಿಂತ ಜಾಸ್ತಿ ಬೇಕು.

ಈಗ ಡಿಟೆಕ್ಟರ್. ಮ್ಯುಯಾನ್ ದಾಟಿದರೆ ಮಿಂಚುವ, 30 ಸೆಂ.ಮೀ. ಚೌಕದ ಎರಡು ಪ್ಲಾಸ್ಟಿಕ್ ಹಲಗೆಗಳನ್ನು 30 ಸೆಂ.ಮೀ. ಅಂತರದಲ್ಲಿ ಒಂದರ ಮೇಲೊಂದು ಇಟ್ಟರೆ, ಎರಡನ್ನೂ ದಾಟುವ ಮ್ಯುಯಾನ್ ನೆಲದ ಮೇಲೆ ಸೆಕೆಂಡಿಗೆ ಮೂರರಿಂದ ನಾಲ್ಕು. 100 ಮೀಟರ್ ನೀರಿನ ಆಳದಲ್ಲಿ ಇದು ಮೂವತ್ತು ನಲವತ್ತರಲ್ಲಿ ಒಂದು ಪಾಲಾಗುತ್ತದೆ: ನಿಮಿಷಕ್ಕೆ ಸುಮಾರು ಆರು. 1,000 ಮೀಟರಿನಲ್ಲಿ ದಿನಕ್ಕೆ ಐವತ್ತರ ಆಸುಪಾಸು. ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯದಷ್ಟು ಆಳದಲ್ಲಿ, ಅಂದರೆ 3,500 ಮೀಟರ್ ನೀರಿನ ಹತ್ತಿರ, ಮೂರು ದಿನಕ್ಕೊಂದು. ಕೋಲಾರದ 2.3 ಕಿ.ಮೀ. ಮಟ್ಟದಲ್ಲಿ, ಅಂದರೆ 7,000 ಮೀಟರ್ ನೀರಿನ ಹತ್ತಿರ, ವರ್ಷಕ್ಕೊಂದು ಸಿಕ್ಕರೆ ಪುಣ್ಯ.

ಈ ಲೆಕ್ಕ ಮಾಡದೆ ಆಳಕ್ಕೆ ಓಡಬೇಡಿ. ಕಾಲೇಜಿನ ತಂಡಕ್ಕೆ 20ರಿಂದ 200 ಮೀಟರ್ ನೀರಿನ ಆಳ ಸಾಕು. ಎಣಿಕೆ ಇಳಿಯುವುದೂ ಚೆನ್ನಾಗಿ ಕಾಣುತ್ತದೆ, ಒಂದೆರಡು ದಿನದಲ್ಲಿ ಅಂಕಿಯೂ ಕೈಗೆ ಬರುತ್ತದೆ.

ಹಂತ 2: ಹಲಗೆ ಮಾಡುವುದು

ಹಲಗೆ ಅಂದರೆ ಪ್ಲಾಸ್ಟಿಕ್ ಸಿಂಟಿಲೇಟರ್. ಮ್ಯುಯಾನ್ ದಾಟಿದಾಗ ಇದರಲ್ಲಿ ಸಣ್ಣ ನೀಲಿ ಮಿಂಚು ಹುಟ್ಟುತ್ತದೆ. ಒಂದು ಸೆಂ.ಮೀ. ದಪ್ಪಕ್ಕೆ ಮ್ಯುಯಾನ್ ಬಿಟ್ಟುಹೋಗುವ ಶಕ್ತಿ 2 ಎಂಇವಿ (ಎಂಇವಿ ಅಂದರೆ ಜಿಇವಿಯ ಸಾವಿರದಲ್ಲೊಂದು ಪಾಲು). ಎಂಇವಿಗೆ ಸುಮಾರು 10,000 ಫೋಟಾನಿನ, ಅಂದರೆ ಬೆಳಕಿನ ಕಣದ, ಲೆಕ್ಕದಲ್ಲಿ 20,000 ಫೋಟಾನ್ ಆಯಿತು. ಅದನ್ನು ಹಿಡಿಯಲು ಫೋಟೋಮಲ್ಟಿಪ್ಲೈಯರ್ ಟ್ಯೂಬ್ ಅಥವಾ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ಚಿಪ್ ಬೇಕು. ಟ್ಯೂಬಿಗೆ ಸಾವಿರ ವೋಲ್ಟಿನ ಆಸುಪಾಸು ಬೇಕಾಗುತ್ತದೆ, ಚಿಪ್ಪಿಗೆ ಮೂವತ್ತು ವೋಲ್ಟ್ ಸಾಕು. ಹುಡುಗರ ಕೈಗೆ ಕೊಡುವುದಾದರೆ ನಾನು ಚಿಪ್ಪನ್ನೇ ಆರಿಸುತ್ತೇನೆ. ಎಂಐಟಿಯಲ್ಲಿ ಹುಟ್ಟಿದ ಕಾಸ್ಮಿಕ್‌ವಾಚ್ ಎಂಬ ಮುಕ್ತ ವಿನ್ಯಾಸ ಇದೇ ದಾರಿಯದು. ಅದರ ಸರ್ಕ್ಯೂಟು, ಆರ್ಡುಯಿನೊ ಪ್ರೋಗ್ರಾಮು ಎಲ್ಲ ಉಚಿತವಾಗಿ ಸಿಗುತ್ತವೆ. ಅದರ ಹಲಗೆ ಮಾತ್ರ 5 ಸೆಂ.ಮೀ. ಚೌಕ. ನೆಲದಡಿಗೆ ತೀರಾ ಚಿಕ್ಕದು, ಕಲಿಯಲು ಮಾತ್ರ ಹೇಳಿ ಮಾಡಿಸಿದ್ದು.

ದಪ್ಪದಲ್ಲಿ ಜಿಪುಣತನ ಬೇಡ. ಕಲ್ಲಿನಲ್ಲಿರುವ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂಗಳಿಂದ ಗಾಮಾ ಕಿರಣ ಬರುತ್ತಲೇ ಇರುತ್ತದೆ. ಪೊಟ್ಯಾಸಿಯಂನದು 1.46 ಎಂಇವಿ, ಥೋರಿಯಂ ಸರಣಿಯ ಜೋರಾದದ್ದು 2.6 ಎಂಇವಿ. ಒಂದು ಸೆಂ.ಮೀ. ಹಲಗೆಯಲ್ಲಿ ಮ್ಯುಯಾನೂ 2, ಗಾಮಾವೂ 2. ಯಾರು ಯಾರು ಅಂತ ಹೇಳುವುದು ಹೇಗೆ? ಎರಡು ಸೆಂ.ಮೀ. ಇದ್ದರೆ ಮ್ಯುಯಾನ್ 4ಕ್ಕೆ ಏರುತ್ತದೆ, 3ರ ಹತ್ತಿರ ಬೇಲಿ ಹಾಕಬಹುದು, ಅಂದರೆ ಅದಕ್ಕಿಂತ ಸಣ್ಣ ಮಿಂಚನ್ನು ಎಣಿಸದೆ ಬಿಡಬಹುದು. ಐದು ಸೆಂ.ಮೀ. ಆದರೆ ಗಲಾಟೆಯೇ ಇಲ್ಲ, ಆದರೆ ದುಡ್ಡು ಜಾಸ್ತಿ.

ಮೂರು ಹಲಗೆ ಮಾಡಿ. ಎರಡು ಸಾಲದು. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಸಿಂಟಿಲೇಟರಿನ ಹೊಳಪು ಮೈಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡಿಗೇ ಅದರಲ್ಲಿ ಕಾಲಕ್ರಮೇಣ ಸಣ್ಣ ಬಿರುಕು ಬೀಳುತ್ತದೆ. ಅಸಿಟೋನ್ ಅಂತೂ ಹತ್ತಿರ ತರಬೇಡಿ. ಬಟ್ಟೆಗೆ ಸೌಮ್ಯ ಸೋಪಿನ ನೀರು ಹಚ್ಚಿ ಒರೆಸಿದರೆ ಸಾಕು. ಚಿಪ್ ಕೂರುವ ಜಾಗದಲ್ಲಿ ಆಪ್ಟಿಕಲ್ ಗ್ರೀಸ್ ಹಚ್ಚಿ, ಗಾಳಿಗುಳ್ಳೆ ಉಳಿಯದಂತೆ ಒತ್ತಿ. ಮೇಲೆ ಟೈವೆಕ್ ಎಂಬ ಬಿಳಿ ಹಾಳೆ ಅಥವಾ ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ದಪ್ಪ ಕಪ್ಪು ಕಾಗದ, ಅದರ ಮೇಲೆ ಎರಡು ಸುತ್ತು ಕಪ್ಪು ಟೇಪ್.

ಹಂತ 3: ಬೆಳಕು ಸೋರುತ್ತಿದೆಯಾ?

ನಮ್ಮ ಮೊದಲ ಹಲಗೆ ತಯಾರಾದ ದಿನ ಎಣಿಕೆ ನೋಡಿ ಎಲ್ಲರೂ ಕುಣಿದಾಡಿದೆವು. ಅಂದಾಜಿಗಿಂತ ಹತ್ತಾರು ಪಟ್ಟು ಬರುತ್ತಿತ್ತು! ಸಂಜೆ ಬಾಗಿಲು ಹಾಕಲು ಬಂದ ಲ್ಯಾಬ್ ಅಟೆಂಡರ್ ಸ್ವಿಚ್ ಒತ್ತಿದರು. ಹಿಂದೆಯೇ ಒಬ್ಬ ಹುಡುಗ ಕೂಗಿದ: "ಸಾರ್, ಟ್ಯೂಬ್‌ಲೈಟ್ ಆಫ್ ಮಾಡಿದ್ರೆ ಮ್ಯುಯಾನ್ ಕಮ್ಮಿ ಆಗುತ್ತೆ!"

ತಂತಿ ಹೊರಬರುವ ಮೂಲೆಯಲ್ಲಿ ಟೇಪು ಸಾಸಿವೆಯಷ್ಟು ಎದ್ದಿತ್ತು. ಅಷ್ಟೇ.

ಪರೀಕ್ಷೆ ಹೀಗೆ ಮಾಡಿ. ಕೋಣೆ ಕತ್ತಲು ಮಾಡಿ ಐದು ನಿಮಿಷ ಎಣಿಸಿ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಅಂಚು, ಮೂಲೆ, ತಂತಿಯ ಬಾಯಿ ಎಲ್ಲ ಕಡೆ ನಿಧಾನವಾಗಿ ಸುತ್ತಿಸಿ. ಎಣಿಕೆ ಎಲ್ಲಿ ಜಿಗಿಯುತ್ತದೋ ಅಲ್ಲಿ ಟೇಪ್ ಹಾಕಿ. ಮತ್ತೆ ಟಾರ್ಚ್. ಟ್ಯೂಬ್ ಬಳಸುವವರಿಗೆ ಒಂದು ಎಚ್ಚರಿಕೆ: ಹೈವೋಲ್ಟೇಜ್ ಇರುವಾಗ ಬೆಳಕಿನಲ್ಲಿ ತೆರೆದರೆ ಟ್ಯೂಬ್ ಹಾಳಾಗುತ್ತದೆ. ಟಾರ್ಚಿಗೆ ಮೊದಲು ಕಡಿಮೆ ವೋಲ್ಟೇಜಿನಲ್ಲಿ ನೋಡಿ, ಆಮೇಲೆ ಏರಿಸಿ.

ಹಂತ 4: ಒಟ್ಟಿಗೆ ಬಂದದ್ದನ್ನು ಮಾತ್ರ ಎಣಿಸಿ

ಇಡೀ ಪ್ರಯೋಗದ ಜೀವ ಇಲ್ಲಿದೆ. ಸ್ವಲ್ಪ ನಿಧಾನವಾಗಿ ನೋಡೋಣ.

ಒಂದೇ ಹಲಗೆಯ ಎಣಿಕೆಯನ್ನು ನಂಬುವಂತಿಲ್ಲ. ಗಾಮಾ ಇರುತ್ತದೆ, ಬೆಳಕಿಲ್ಲದಿದ್ದರೂ ಬರುವ ಚಿಪ್ಪಿನ ಸ್ವಂತ ಗದ್ದಲವೂ ಇರುತ್ತದೆ. ಆದರೆ ಮೇಲಿನ ಹಲಗೆ, ಕೆಳಗಿನ ಹಲಗೆ ಎರಡೂ ಒಂದೇ ಕ್ಷಣದಲ್ಲಿ ಮಿಂಚಿದರೆ ಅದು ಎರಡನ್ನೂ ದಾಟಿದ ಮ್ಯುಯಾನ್ ಆಗಿರುವ ಸಂಭವ ಜಾಸ್ತಿ. ಇದನ್ನೇ ಕೋಇನ್ಸಿಡೆನ್ಸ್ ಅನ್ನುತ್ತಾರೆ. ಎರಡೂ ಕಡೆಯಿಂದ ಹೌದು ಬಂದರೆ ಮಾತ್ರ ಹೌದು ಅನ್ನುವ ಒಂದು ಆಂಡ್ ಗೇಟ್ ಚಿಪ್ಪಿನಲ್ಲಿ ಆಗುವ ಕೆಲಸ.

'ಒಂದೇ ಕ್ಷಣ' ಅಂದರೆ ಎಷ್ಟು? ಒಂದು ಮಿಂಚಿಗೆ ಹಲಗೆ ಕೊಡುವ ವಿದ್ಯುತ್ ಮಿಡಿತ, ಅಂದರೆ ಪಲ್ಸ್, 100 ನ್ಯಾನೋಸೆಕೆಂಡ್ ಅಗಲ ಇದೆ ಅನ್ನಿ. ಒಂದೊಂದು ಹಲಗೆಯಲ್ಲಿ ಸೆಕೆಂಡಿಗೆ 50 ಸುಳ್ಳು ಎಣಿಕೆ ಬರುತ್ತಿವೆ ಅನ್ನಿ. ಸಂಬಂಧವೇ ಇಲ್ಲದ ಎರಡು ಪಲ್ಸ್ ಆಕಸ್ಮಿಕವಾಗಿ ಕೂಡಿಬರುವ ದರ ತಿಳಿಯಲು ಪಲ್ಸ್ ಅಗಲದ ಎರಡರಷ್ಟನ್ನು ಎರಡೂ ಹಲಗೆಗಳ ದರದಿಂದ ಗುಣಿಸಿ. ಸೆಕೆಂಡಿಗೆ 0.0005 ಬರುತ್ತದೆ. ತಾರಸಿಯ ಮೇಲೆ ಸೆಕೆಂಡಿಗೆ ಮೂರು ನಿಜವಾದ ಮ್ಯುಯಾನ್ ಇರುವಾಗ ಇದನ್ನು ಕೇಳುವವರಿಲ್ಲ. ಈಗ ದಿನಕ್ಕೆ ತಿರುಗಿಸಿ: 43. ಒಂದು ಕಿಲೋಮೀಟರ್ ನೀರಿನ ಆಳದಲ್ಲಿ ನಿಜವಾದ ಮ್ಯುಯಾನ್ ದಿನಕ್ಕೆ ಐವತ್ತು ಅಂದೆನಲ್ಲ? ಸುಳ್ಳು ನಲವತ್ತಮೂರು, ನಿಜ ಐವತ್ತು. ಅಳತೆ ಕೆಟ್ಟಿತು.

ಮಧ್ಯದಲ್ಲಿ ಮೂರನೇ ಹಲಗೆ ಇಟ್ಟು, ಮೂರೂ ಒಟ್ಟಿಗೆ ಬಂದರೆ ಮಾತ್ರ ಎಣಿಸಿ. ಈಗ ಆಕಸ್ಮಿಕದ ಲೆಕ್ಕ ಅಗಲದ ವರ್ಗ, ದರದ ಘನ, ಗುಣಿಸು ಮೂರು. ಹಾಕಿ ನೋಡಿ. ಎಂಟೂವರೆ ವರ್ಷಕ್ಕೆ ಒಂದು ಸುಳ್ಳು! ಒಂದು ಹಲಗೆಯ ಖರ್ಚಿಗೆ ಇಷ್ಟು ಲಾಭ ಬೇರೆಲ್ಲೂ ಸಿಗುವುದಿಲ್ಲ.

ಇನ್ನೊಂದು ಮಾತು. ನೆಲದಡಿ ಮ್ಯುಯಾನ್ ಕಡಿಮೆಯಾಗುತ್ತದೆ, ಗಾಮಾ ಕಡಿಮೆಯಾಗುವುದಿಲ್ಲ. ಸುತ್ತಲೂ ಕಲ್ಲೇ ಇರುವುದರಿಂದ ಜಾಸ್ತಿಯೇ ಆಗಬಹುದು. 'ಆಳದಲ್ಲಿ ಎಲ್ಲ ಶಾಂತ' ಅಂದುಕೊಂಡು ಇಳಿದವರು ಮೋಸ ಹೋಗುವುದು ಇಲ್ಲೇ.

ಮೂರು ಹಲಗೆಗಳ ಇನ್ನೊಂದು ಉಪಯೋಗ: ಮೇಲಿನದು ಕೆಳಗಿನದು ಎರಡೂ ಹೌದು ಅಂದ ಸಲ ಮಧ್ಯದ್ದು ಎಷ್ಟು ಸಲ ಹೌದು ಅಂದಿತು ನೋಡಿ. ಆ ಅನುಪಾತವೇ ಮಧ್ಯದ ಹಲಗೆಯ ದಕ್ಷತೆ. ಹಲಗೆಗಳ ಜಾಗ ಅದಲು ಬದಲು ಮಾಡಿ ಮೂರರದೂ ಅಳೆಯಿರಿ. ಬೇಲಿಯ ಎತ್ತರವನ್ನೂ ಹೀಗೆಯೇ ಹೊಂದಿಸಬೇಕು. ತುಂಬಾ ಎತ್ತರಿಸಿದರೆ ದಕ್ಷತೆ ಬೀಳುತ್ತದೆ, ತುಂಬಾ ಇಳಿಸಿದರೆ ಗಾಮಾ ನುಗ್ಗುತ್ತದೆ. ಈ ಕೆಲಸವೆಲ್ಲ ಮೇಲೆ, ಮ್ಯುಯಾನ್ ಧಾರಾಳವಾಗಿ ಇರುವಲ್ಲೇ ಮುಗಿಯಬೇಕು. ಸುರಂಗದಲ್ಲಿ ಕೂತು ದಕ್ಷತೆ ಅಳೆಯುತ್ತೇನೆ ಅಂದರೆ ಮುದುಕರಾಗುತ್ತೀರಿ.

ಹಂತ 5: ತಾರಸಿಯ ಮೇಲೆ ಒಂದು ವಾರ

ಡಿಟೆಕ್ಟರನ್ನು ತಾರಸಿಯಲ್ಲಿ ನೆರಳಿನ ಜಾಗದಲ್ಲಿಟ್ಟು ಒಂದು ವಾರ ಬಿಡಿ. ವಾಯುಭಾರವನ್ನೂ ಬರೆದಿಡಿ, ಅಗ್ಗದ ಸೆನ್ಸರ್ ಸಾಕು. ವಾಯುಭಾರ ಏರಿದರೆ ಮೇಲಿನ ಗಾಳಿ ದಪ್ಪವಾದಂತೆ, ಎಣಿಕೆ ಒಂಚೂರು ಇಳಿಯುತ್ತದೆ. ಒಂದು ಹೆಕ್ಟೋಪಾಸ್ಕಲಿಗೆ ಶೇಕಡಾ 0.1ರಿಂದ 0.2. ನಿಮ್ಮ ಅಂಕಿಗಳಲ್ಲಿ ಇದು ಕಾಣಿಸಿದರೆ ಉಪಕರಣ ಚೆನ್ನಾಗಿದೆ ಅಂತ ಅರ್ಥ.

ಆಮೇಲೆ ಹಲಗೆಗಳನ್ನು ಕೂರಿಸಿದ ಗೂಡನ್ನು ಓರೆ ಮಾಡಿ. ನೆಟ್ಟಗಿದ್ದಾಗ ನೂರು ಬಂದರೆ 45 ಡಿಗ್ರಿಯಲ್ಲಿ ಐವತ್ತರ ಹತ್ತಿರ, 60 ಡಿಗ್ರಿಯಲ್ಲಿ ಇಪ್ಪತ್ತೈದರ ಹತ್ತಿರ ಬರಬೇಕು. ಕೊಸೈನಿನ ವರ್ಗದ ನಿಯಮ. ಹಲಗೆಗಳ ಅಂತರ ಕಡಿಮೆ ಇದ್ದರೆ ಇದು ಮಸುಕಾಗುತ್ತದೆ, ಗಾಬರಿ ಬೇಡ.

ಹಂತ 6: ಇಳಿಯುವುದು

ಜಾಗ ಎಲ್ಲಿ? ನೆಲಮಾಳಿಗೆ ಪಾರ್ಕಿಂಗಿನಿಂದ ಶುರು ಮಾಡಿ. ಆಮೇಲೆ ಗುಡ್ಡದ ಸುರಂಗ. ಉಡುಪಿ ಜಿಲ್ಲೆಯ ವಾರಾಹಿಯಲ್ಲಿ ನೆಲದಡಿಯ ವಿದ್ಯುದಾಗಾರವೇ ಇದೆ. ಹಟ್ಟಿಯಲ್ಲಿ ಚಿನ್ನದ ಗಣಿ ಇನ್ನೂ ನಡೆಯುತ್ತಿದೆ. ಜಾರ್ಖಂಡಿನ ಜಾದೂಗುಡದ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ ವಿಜ್ಞಾನ ಪ್ರಯೋಗಾಲಯವಿದೆ. ಎಲ್ಲ ಕಡೆಯೂ ಲಿಖಿತ ಅನುಮತಿ ಬೇಕು, ಜೊತೆಗೆ ಅಲ್ಲಿನ ಸಿಬ್ಬಂದಿಯೊಬ್ಬರು ಇರಬೇಕು. ಕೋಲಾರದ ಹಳೆಯ ಗಣಿಗಳತ್ತ ಮಾತ್ರ ಕಣ್ಣು ಹಾಯಿಸಬೇಡಿ. 2001ರಲ್ಲಿ ಮುಚ್ಚಿದ ಮೇಲೆ ಒಳಗೆ ನೀರು ತುಂಬಿದೆ. ಮುಚ್ಚಿದ ಗಣಿಯ ಗಾಳಿ ಒಂದೇ ಉಸಿರಿಗೆ ಆಳನ್ನು ಕೆಡವಬಹುದು.

ಕೆಳಗೆ ಶತ್ರುಗಳು ಎರಡು, ತೇವ ಮತ್ತು ಬಿಸಿ. ಕೋಲಾರದ ತಳದಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ದಾಟುತ್ತಿತ್ತು. ನಿಮ್ಮ ಸುರಂಗ ಅಷ್ಟು ಬಿಸಿ ಇರಲಿಕ್ಕಿಲ್ಲ. ಆದರೂ ಸಿಲಿಕಾನ್ ಚಿಪ್ಪಿನ ಸ್ವಂತ ಗದ್ದಲ ಎಂಟು ಹತ್ತು ಡಿಗ್ರಿ ಏರಿದರೆ ಇಮ್ಮಡಿಯಾಗುತ್ತದೆ. ತಾಪಮಾನ ದಾಖಲಿಸಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಜಿಪಿಎಸ್ ಸಿಗುವುದಿಲ್ಲ, ಹಾಗಾಗಿ ಬ್ಯಾಟರಿ ಇರುವ ಗಡಿಯಾರದ ಮಾಡ್ಯೂಲ್ ಹಾಕಿ, ಇಳಿಯುವ ಮೊದಲು ಸಮಯ ಸರಿಮಾಡಿ.

ಈಗ ಸತ್ತ ಡಿಟೆಕ್ಟರಿನ ಪ್ರಶ್ನೆಗೆ ಬರೋಣ. ನಿಮಿಷಕ್ಕೊಮ್ಮೆ ಮೂರೂ ಹಲಗೆಗಳ ಒಂಟಿ ಎಣಿಕೆಯನ್ನು ಮೆಮೊರಿ ಕಾರ್ಡಿಗೆ ಬರೆಸಿ. ಇಷ್ಟು ಹೊತ್ತು ಬೈದುಕೊಂಡ ಗಾಮಾ ಈಗ ಉಪಕಾರಕ್ಕೆ ಬರುತ್ತದೆ. ಮೂರು ಹಲಗೆಗಳ ಒಂಟಿ ಎಣಿಕೆ ಸಮನಾಗಿ ಬರುತ್ತಿದ್ದರೆ ಅವುಗಳ ನಾಡಿ ಬಡಿಯುತ್ತಿದೆ ಅಂತ ಅರ್ಥ. ಮ್ಯುಯಾನ್ ಸೊನ್ನೆಯಾದರೂ ಆ ಸೊನ್ನೆಯನ್ನು ನಂಬಬಹುದು. ಕರೆಂಟು ಹೋದ ನಿಮಿಷಗಳು ದಾಖಲೆಯಲ್ಲಿ ತಾವಾಗಿಯೇ ಖಾಲಿ ಕಾಣುತ್ತವೆ, ಅವನ್ನು ಒಟ್ಟು ಸಮಯದಿಂದ ಕಳೆಯಿರಿ. ಯುಪಿಎಸ್ ಇದೆ ಅಂತ ಸುಮ್ನೆ ನಂಬಿ ಕೂರಬೇಡಿ.

ಹಂತ 7: ಲೆಕ್ಕ

ಎಣಿಕೆಯ ವರ್ಗಮೂಲವೇ ಅದರ ಅನಿಶ್ಚಿತತೆ. ನೂರು ಎಣಿಸಿದರೆ ಹತ್ತು, ಅಂದರೆ ಶೇಕಡಾ ಹತ್ತು. ಶೇಕಡಾ ಒಂದಕ್ಕೆ ಇಳಿಸಲು ಹತ್ತು ಸಾವಿರ ಬೇಕು. ನಿಮಿಷಕ್ಕೆ ಆರರಂತೆ 28 ತಾಸು.

ಸೊನ್ನೆ ಬಂದರೆ 'ಇಲ್ಲ' ಅಂತ ಬರೆಯಬೇಡಿ. ನಿಜವಾದ ಸರಾಸರಿ 2.3 ಇದ್ದರೂ ಹತ್ತರಲ್ಲಿ ಒಂದು ಸಲ ಸೊನ್ನೆ ಬರುತ್ತದೆ. ಹಾಗಾಗಿ ಹತ್ತು ದಿನ ಸೊನ್ನೆ ಬಂದಿದ್ದರೆ 'ದಿನಕ್ಕೆ 0.23ಕ್ಕಿಂತ ಕಡಿಮೆ, ಶೇಕಡಾ 90ರ ಭರವಸೆಯಲ್ಲಿ' ಅಂತ ಬರೆಯಿರಿ.

ಚದರ ಸೆಂಟಿಮೀಟರಿಗೆ ಇಷ್ಟು ಅಂತ ತೀವ್ರತೆ ಹೇಳಲು ಹಲಗೆಗಳ ಜ್ಯಾಮಿತಿಯ ಲೆಕ್ಕ ಬೇಕು. ಮೊದಲ ಸಲಕ್ಕೆ ಅದರ ಗೊಡವೆ ಬೇಡ. ಅದೇ ಗೂಡು, ಅದೇ ಅಂತರ ಇಟ್ಟು ಕೆಳಗಿನ ದರವನ್ನು ತಾರಸಿಯ ದರದಿಂದ ಭಾಗಿಸಿ. ದಕ್ಷತೆ, ವಿಸ್ತೀರ್ಣ ಹೆಚ್ಚುಕಡಿಮೆ ರದ್ದಾಗುತ್ತವೆ. ಎಣಿಕೆಯ ಅಕ್ಷ ಲಾಗ್ ಇರುವ ಕಾಗದದಲ್ಲಿ ಆಳದ ಎದುರು ಗುರುತು ಹಾಕಿ. ನಾಲ್ಕು ಜಾಗ ಸಿಕ್ಕರೆ ಗೆರೆಯ ಇಳಿಜಾರು ಚೆಂದ ಕಾಣುತ್ತದೆ. ನಂಜನಗೂಡಿನ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರದ ಗಣಿಗೆ ಇಳಿದು ಶುರು ಮಾಡಿದ್ದೂ ಇದೇ ಕೆಲಸವನ್ನು, ಬೇರೆ ಬೇರೆ ಆಳದಲ್ಲಿ ಎಣಿಸುವುದನ್ನು. ಮುಂದೆ ಅವರು ಟಿಐಎಫ್‌ಆರ್ ನಿರ್ದೇಶಕರಾದರು.

ಆಳವನ್ನು ಗುಡ್ಡದ ತುದಿಯಿಂದ ಅಳೆದು ಸುಮ್ಮನಾಗಬೇಡಿ. ಮ್ಯುಯಾನ್ ಓರೆಯಾಗಿಯೂ ಬರುತ್ತದೆ. ಪಕ್ಕದ ಇಳಿಜಾರಿನಲ್ಲಿ ಕಲ್ಲು ತೆಳುವಾಗಿದ್ದರೆ ಆ ಕಡೆಯಿಂದ ಜಾಸ್ತಿ ನುಗ್ಗುತ್ತದೆ. ಸರ್ವೆ ನಕ್ಷೆ ಹಿಡಿದು ಎಲ್ಲ ದಿಕ್ಕಿನ ದಪ್ಪ ಲೆಕ್ಕ ಹಾಕಿ.

ಹಂತ 8: ಹಲಗೆಗಳನ್ನು ಮಗ್ಗುಲಿಗೆ ತಿರುಗಿಸಿ

ಬಿಡುವಿದ್ದರೆ ಇದನ್ನೂ ಮಾಡಿ. ಗೂಡನ್ನು ಮಲಗಿಸಿ, ಹಲಗೆಗಳು ಗೋಡೆಯಂತೆ ನಿಲ್ಲಲಿ. ಈಗ ಅದು ಅಡ್ಡಲಾಗಿ ಬರುವುದನ್ನು ಮಾತ್ರ ನೋಡುತ್ತದೆ. ಆಳದಲ್ಲಿ ಅಡ್ಡದಾರಿ ಅಂದರೆ ಕಿಲೋಮೀಟರುಗಟ್ಟಲೆ ಕಲ್ಲು, ಎಣಿಕೆ ಇನ್ನೂ ಬೀಳುತ್ತದೆ.

ಕೋಲಾರದಲ್ಲಿ ಮಾಡಿದ್ದು ಹೀಗೆಯೇ. ಆ ಸೊನ್ನೆ ಸಿಕ್ಕಿದ ಮೇಲೆ ಟಿಐಎಫ್‌ಆರ್, ಒಸಾಕಾ, ಡರ್ಹಮ್ ತಂಡ 2.3 ಕಿ.ಮೀ. ಆಳದಲ್ಲಿ, ಹೀತ್‌ಕೋಟ್ ಶಾಫ್ಟಿನ ಬಳಿ, ಸಿಂಟಿಲೇಟರ್ ಗೋಡೆಗಳನ್ನು ನಿಲ್ಲಿಸಿತು. ನಡುವೆ ಸೀಸದ ತಗಡು, ನಿಯಾನ್ ಟ್ಯೂಬುಗಳ ಸಾಲು. ಮೇಲಿನಿಂದ ಬರುವ ಮ್ಯುಯಾನ್ ಆ ಆಳದಲ್ಲಿ ಹೆಚ್ಚೂಕಡಿಮೆ ನೆಟ್ಟಗೇ ಬರುತ್ತದೆ. ಅಡ್ಡಲಾಗಿ ಬಂದದ್ದು ಅಷ್ಟು ಕಲ್ಲು ದಾಟಿರಲು ಸಾಧ್ಯವಿಲ್ಲ, ಅದು ಪಕ್ಕದ ಬಂಡೆಯಲ್ಲೇ ಹುಟ್ಟಿರಬೇಕು. ಹುಟ್ಟಿಸಿದ್ದು ನ್ಯೂಟ್ರಿನೊ, ಭೂಮಿಯನ್ನೂ ಸಲೀಸಾಗಿ ತೂರಿ ಹೋಗುವ ಕಣ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ 1965ರಲ್ಲಿ ಮೊದಲು ಸಿಕ್ಕಿದ್ದು ಹೀಗೆ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಅಮೆರಿಕದ ಭೌತವಿಜ್ಞಾನಿ ರೈನ್ಸ್ ಅವರ ತಂಡಕ್ಕೂ ಸಿಕ್ಕಿತು. ನಿಮ್ಮ ಮೂರು ಹಲಗೆಗೆ ನ್ಯೂಟ್ರಿನೊ ಸಿಗುವುದಿಲ್ಲ, ಆಸೆ ಬೇಡ.

ಹಂತ 9: ಮತ್ತೆ ತಾರಸಿಗೆ

ಇದನ್ನು ಬಿಟ್ಟವರೇ ಜಾಸ್ತಿ. ವಾಪಸು ತಂದ ತಕ್ಷಣ ಹಲಗೆ ಬಿಚ್ಚಬೇಡಿ. ಅದೇ ಜಾಗದಲ್ಲಿ, ಅದೇ ಬೇಲಿ ಎತ್ತರದಲ್ಲಿ ಇನ್ನೂ ಎರಡು ದಿನ ಎಣಿಸಿ. ವಾಯುಭಾರದ ತಿದ್ದುಪಡಿ ಮಾಡಿದ ಮೇಲೆ ಹಳೆಯ ಅಂಕಿಗೆ ಹೊಂದಬೇಕು. ಶೇಕಡಾ ಐದು ಕಡಿಮೆ ಬಂತೋ, ಜೀಪಿನ ಕುಲುಕಾಟಕ್ಕೆ ಎಲ್ಲೋ ಚಿಪ್ಪು ಗ್ರೀಸಿನಿಂದ ಎದ್ದಿದೆ ಅಂತ ತಿಳಿಯಿರಿ. ಅದು ಹೋಗುವಾಗ ಎದ್ದಿತೋ ಬರುವಾಗಲೋ ಅಂತ ಹೇಳಲು ಕೆಳಗಿನ ಒಂಟಿ ಎಣಿಕೆಯ ದಾಖಲೆ ತೆಗೆದು, ಮೊದಲ ದಿನದ ಸಾಲುಗಳಿಂದ ಓದಲು ಶುರು ಮಾಡಿ.